ಆಫ್‌ರೋಡ್ ಗಾಡಿಗೆ ಎಕ್ಸ್‌ಟ್ರಾ ಲೈಟ್ ಎಲ್ಲಿ ಹಾಕ್ಬೇಕು: ಡ್ರಿಲ್ ಹಿಡಿಯೋ ಮುಂಚೆ ಮಾಡೋ ಕೆಲಸಗಳು, ಹಂತ ಹಂತವಾಗಿ

ಕೇಳೋರೆಲ್ಲ ಒಂದೇ ತರ ಕೇಳ್ತಾರೆ, "ದೊಡ್ಡ ಲೈಟ್ ಬಾರ್ ಹಾಕಿಸ್ದೆ, ಆದ್ರೂ ರಾತ್ರಿ ದಾರಿ ಸರಿಯಾಗಿ ಕಾಣ್ತಿಲ್ಲ, ಇನ್ನೂ ಜಾಸ್ತಿ ವ್ಯಾಟ್‌ದು ತಗೊಳ್ಲಾ?" ಗಾಡಿ ಹತ್ರ ಹೋಗಿ ನೋಡಿದ್ರೆ ಲೈಟಲ್ಲಿ ಏನೂ ತೊಂದ್ರೆ ಇರಲ್ಲ, ಕೂತಿರೋ ಜಾಗ ತಪ್ಪಿರತ್ತೆ. ಮೊದ್ಲು ಲೈಟ್ ಕೊಂಡ್ಕೊಂಡು, ಆಮೇಲೆ ಅದು ಹಿಡಿಸೋ ಜಾಗ ಹುಡುಕಿ, ಅಲ್ಲಿ ತೂತು ಕೊರೆದು, ಕೊನೆಗೆ ಕತ್ತಲಲ್ಲಿ ಹಾಕಿ ನೋಡೋದು, ಬಹಳಷ್ಟು ಜನ ಮಾಡೋ ಕ್ರಮ ಇದೇ, ಇದು ಪೂರ್ತಿ ಉಲ್ಟಾ. ಕತ್ತಲಲ್ಲಿ ನೋಡೋದು ಮೊದ್ಲು, ತೂತು ಕೊನೇಲಿ. ಕೆಳಗಿರೋ ಹಂತಗಳನ್ನ ಇದೇ ಆರ್ಡರಲ್ಲಿ ಮಾಡಿ, ಮಧ್ಯೆ ಒಂದು ಬಿಟ್ಟು ಮುಂದಕ್ಕೆ ಹಾರ್ಬೇಡಿ.

ಬೇಕಾಗೋ ಸಾಮಾನು

ಅಳತೆ ಟೇಪು, ಆರೇಳು ಮೀಟರ್ ಗಟ್ಟಿ ದಾರ, ಮಾಸ್ಕಿಂಗ್ ಟೇಪ್, ಮಾರ್ಕರ್, ಮೂರ್ನಾಲ್ಕು ಜಿ-ಕ್ಲಾಂಪ್ (ತಿರುಪು ಬಿಗಿದು ಕಚ್ಚಿಸೋದು), ಒಂದಷ್ಟು ರಟ್ಟು, ಹೊಳಪಿಲ್ಲದ ಕಪ್ಪು ಬಟ್ಟೆ, ನೀರು ಸ್ಪ್ರೇ ಮಾಡೋ ಬಾಟ್ಲಿ, ವೋಲ್ಟ್ ಅಳೆಯೋ ಮಲ್ಟಿಮೀಟರ್, ಬೋಲ್ಟ್ ಎಷ್ಟು ಬಿಗಿ ಆಯ್ತು ಅಂತ ತೋರ್ಸೋ ಟಾರ್ಕ್ ರೆಂಚ್. ಟ್ರಯಲ್‌ಗೆ ಅಂತಾನೇ ಒಂದು ಉದ್ದ ವೈರ್ ಮಾಡಿಟ್ಕೊಳ್ಳಿ, ಬ್ಯಾಟರಿ ಕಡೆ ತುದೀಲಿ ಫ್ಯೂಸ್, ಇನ್ನೊಂದು ತುದೀಲಿ ಸ್ವಿಚ್ಚು. ಜೊತೆಗೆ ಒಬ್ಬ ಮನುಷ್ಯ ಬೇಕೇ ಬೇಕು. ಒಬ್ರು ಡ್ರೈವರ್ ಸೀಟಲ್ಲಿ ಕೂತಿರ್ಬೇಕು, ಇನ್ನೊಬ್ರು ಹೊರಗಡೆ ಲೈಟ್ ಸರಿಸ್ತಾ ಇರ್ಬೇಕು, ಒಬ್ರೇ ಇಳಿದು ಹತ್ತಿ ಮಾಡೋಕೆ ಹೋದ್ರೆ ಎರಡೇ ನಿಮಿಷಕ್ಕೆ ಮೊದಲನೇ ಜಾಗದಲ್ಲಿ ಹೇಗೆ ಕಾಣ್ತಿತ್ತು ಅನ್ನೋದೇ ಮರ್ತೋಗತ್ತೆ.

ಹಂತ 1: ಯಾವುದು ಕಾಣ್ತಿಲ್ಲ ಅಂತ ಬರೆದಿಟ್ಕೊಳ್ಳಿ

ಇರೋ ಹೆಡ್‌ಲೈಟಲ್ಲೇ, ನೀವು ಯಾವಾಗ್ಲೂ ಹೋಗೋ ತರದ ದಾರೀಲಿ ಒಂದು ರಾತ್ರಿ ಓಡಿಸಿ. ಅದಕ್ಕೂ ಮುಂಚೆ ಹೆಡ್‌ಲೈಟ್ ಗ್ಲಾಸ್ ಚೆನ್ನಾಗಿ ಒರೆಸಿ, ಅದರ ಬೆಳಕಿನ ಎತ್ತರ ಸರಿ ಇದ್ಯಾ ನೋಡಿ, ಸಸ್ಪೆನ್ಷನ್ ಎತ್ತರಿಸಿದ ಮೇಲೆ ಹೆಡ್‌ಲೈಟ್ ಮುಟ್ಟೇ ಇಲ್ಲದ ಗಾಡಿಗಳು ಬೇಕಾದಷ್ಟಿವೆ, ಅಂಥ ಗಾಡಿಗೆ ಹೊಸ ಲೈಟ್‌ಗಿಂತ ಮೊದ್ಲು ಬೇಕಾಗಿರೋದು ಸ್ಕ್ರೂಡ್ರೈವರ್.

ಆಮೇಲೆ ಎಲ್ಲೆಲ್ಲಿ ಭಯ ಆಯ್ತು, ಎಲ್ಲೆಲ್ಲಿ ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು ಅಂತ ಬರ್ಕೊಳ್ಳಿ. ನೇರ ದಾರೀಲಿ ದೂರ ಕಾಣ್ತಿಲ್ವಾ, ತಿರುವಿನ ಒಳಮಗ್ಗುಲು ಕತ್ತಲಾ, ಚಕ್ರದ ಮುಂದಿರೋ ಕೊರಕಲು ಗೊತ್ತಾಗ್ತಿಲ್ವಾ, ಧೂಳಲ್ಲಿ ಕಣ್ಣು ಕಟ್ತಾ, ರಿವರ್ಸ್ ಹಾಕ್ದಾಗ ಹಿಂದಿನ ಬಂಡೆ ಕಾಣ್ಲಿಲ್ವಾ? ಇವು ಒಂದೊಂದೂ ಬೇರೆ ತೊಂದರೆ, ಒಂದೊಂದಕ್ಕೂ ಬೇರೆ ಜಾಗ, ಒಂದೇ ಲೈಟು ಇವೆಲ್ಲಾನೂ ಸರಿ ಮಾಡಲ್ಲ.

ದೂರ ಎಷ್ಟು ಬೇಕು ಅನ್ನೋದು ನಿಮ್ಮ ಸ್ಪೀಡಿಗೆ ಬಿಟ್ಟಿದ್ದು. ಗಂಟೆಗೆ 60 ಕಿ.ಮೀ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಒತ್ತೋಕೆ ಒಂದೂವರೆ ಸೆಕೆಂಡ್ ಅಂತಿಟ್ಕೊಂಡ್ರೂ 25 ಮೀಟರ್ ಹೋಯ್ತು, ಸಡಿಲ ಜಲ್ಲಿ ಮೇಲೆ ಗಾಡಿ ನಿಲ್ಲೋಕೆ ಇನ್ನೊಂದು 35 ಮೀಟರ್, ಒಟ್ಟು 60. ಇದೇ ಲೆಕ್ಕ 80ರ ಸ್ಪೀಡಿಗೆ ಹತ್ರ ಹತ್ರ 100 ಮೀಟರ್ ಆಗತ್ತೆ, 20ರಲ್ಲಿ ತೆವಳ್ತಾ ಹೋಗೋರಿಗೆ 12 ಮೀಟರ್ ಸಾಕು. ಹಾಗಾಗಿ ಬಂಡೆ ಹತ್ತೋ ಗಾಡಿಗೆ ಅರ್ಧ ಕಿಲೋಮೀಟರ್ ಹೋಗೋ ಸ್ಪಾಟ್ ಲೈಟ್ ಹಾಕಿ ಪ್ರಯೋಜನ ಇಲ್ಲ. ಮತ್ತೆ ಬೆಳಕು ದುಪ್ಪಟ್ಟು ದೂರ ಹೋಗ್ಬೇಕು ಅಂದ್ರೆ ಲೈಟ್‌ನ ತೀವ್ರತೆ ನಾಲ್ಕು ಪಟ್ಟು ಬೇಕಾಗತ್ತೆ, ಎರಡು ಪಟ್ಟು ಸಾಲಲ್ಲ. "ಲೈಟ್ ದುಪ್ಪಟ್ಟು ಮಾಡ್ದೆ, ಏನೂ ವ್ಯತ್ಯಾಸ ಕಾಣ್ತಿಲ್ಲ" ಅನ್ನೋರಿಗೆಲ್ಲ ಇದೇ ಕಾರಣ.

ಹಂತ 2: ಬೆಳಕು ನಿಮ್ಮ ಕಣ್ಣಿಂದ ಎಷ್ಟು ದೂರ ಅಂತ ಅರ್ಥ ಮಾಡ್ಕೊಳ್ಳಿ

ಇದೊಂದು ತಲೆಗೆ ಹೋದ್ರೆ ಮುಕ್ಕಾಲು ಕೆಲಸ ಆದಂಗೆ, ದಯವಿಟ್ಟು ನಿಧಾನಕ್ಕೆ ಓದಿ. ಕತ್ತಲಲ್ಲಿ ಒಂದು ಟಾರ್ಚ್ ತಗೊಂಡು ಕಲ್ಲುಮಣ್ಣಿನ ನೆಲದ ಮೇಲೆ ನಿಂತ್ಕೊಳ್ಳಿ. ಟಾರ್ಚನ್ನ ಹಣೆ ಹತ್ರ ಹಿಡಿದು ಮುಂದೆ ಬಿಡಿ, ನೆಲ ಪೂರ್ತಿ ಚಪ್ಪಟೆ ಕಾಣತ್ತೆ, ಕಲ್ಲೂ ಗುಂಡೀನೂ ಒಂದೇ ಬಣ್ಣ. ಈಗ ಅದೇ ಟಾರ್ಚನ್ನ ಮೊಣಕಾಲಿನ ಹತ್ರ ಇಳಿಸಿ. ಒಂದೊಂದು ಕಲ್ಲಿನ ಹಿಂದೇನೂ ಉದ್ದ ನೆರಳು ಎದ್ದು ಬರತ್ತೆ, ಗುಂಡಿ ಅಂಚು ಕಪ್ಪಗೆ ಕಾಣತ್ತೆ.

ಗಾಡೀಲೂ ಇದೇ. 20 ಮೀಟರ್ ಮುಂದೆ 10 ಸೆಂ.ಮೀ ಎತ್ತರದ ಕಲ್ಲಿದೆ ಅಂತಿಟ್ಕೊಳ್ಳಿ, ನಿಮ್ಮ ಕಣ್ಣು ನೆಲದಿಂದ 1.5 ಮೀಟರ್ ಮೇಲಿದೆ. ಆ ಕಲ್ಲು ನಿಮ್ಮ ಕಣ್ಣಿಗೆ ತನ್ನ ಹಿಂದಿನ ಸುಮಾರು 1.4 ಮೀಟರ್ ನೆಲಾನ ಮರೆ ಮಾಡತ್ತೆ. ಬಂಪರ್ ಮೇಲೆ 70 ಸೆಂ.ಮೀ ಎತ್ತರದಲ್ಲಿರೋ ಲೈಟಿಂದ ಅದರ ನೆರಳು 3.3 ಮೀಟರ್ ಚಾಚತ್ತೆ, ಅಂದ್ರೆ ಎರಡು ಮೀಟರ್ ಹತ್ರ ಕಪ್ಪು ಪಟ್ಟಿ ನಿಮಗೆ ಕಾಣತ್ತೆ. ರೂಫ್ ಮೇಲೆ 2 ಮೀಟರ್ ಎತ್ತರದ ಲೈಟಿಂದ ನೆರಳು ಬರೋದು ಒಂದು ಮೀಟರ್ ಚಿಲ್ಲರೆ, ಅದು ಕಲ್ಲಿನ ಹಿಂದೇನೇ ಮುಚ್ಚಿ ಹೋಗತ್ತೆ, ನಿಮಗೆ ನೆರಳೇ ಇಲ್ಲ. ಕಲ್ಲು ಮೇಲೆ ಹತ್ತಿದ ಮೇಲೇನೇ ಗೊತ್ತಾಗೋದು.

ಧೂಳು, ಮಂಜು, ಮಳೆಗೂ ಇದೇ ಸೂತ್ರ. ಕಣ್ಣಿನ ಹತ್ರಾನೇ ಲೈಟ್ ಇದ್ರೆ ಗಾಳೀಲಿರೋ ಧೂಳಿಗೆ ಬಡಿದ ಬೆಳಕು ಸೀದಾ ಕಣ್ಣಿಗೇ ವಾಪಸ್ ಬರತ್ತೆ. ನಾನು ಮೊದಲನೇ ಸಲ ರೂಫ್ ಮೇಲೆ ಬಾರ್ ಹಾಕಿಸ್ದಾಗ ಇನ್ನೊಂದು ಗಾಡಿ ಹಿಂದೆ ಮಣ್ಣು ದಾರೀಲಿ ಹೋಗ್ತಿದ್ದೆ, ಮುಂದಿನ ಗಾಡಿ ಧೂಳೆಬ್ಬಿಸ್ತು, ಒಂದೇ ಕ್ಷಣದಲ್ಲಿ ಗಾಜಿನ ಮುಂದೆ ಸುಣ್ಣ ಬಳಿದ ಗೋಡೆ ಎದ್ದಂಗಾಯ್ತು, ಸ್ಟೇರಿಂಗ್ ಹಿಡಿದಿದ್ದ ಕೈಯೇ ಬೆವೆತೋಯ್ತು. ಬಾರ್ ಆಫ್ ಮಾಡಿ ಬರೀ ಡಿಪ್ ಲೈಟ್ ಹಾಕ್ದಾಗ ದಾರಿ ಮತ್ತೆ ಕಾಣಿಸ್ತು. ಆವತ್ತಿಂದ ರೂಫ್ ಲೈಟ್ ಒಂದನ್ನೇ ನಂಬ್ಕೊಂಡು ಯಾರೂ ಹೋಗ್ಬೇಡಿ ಅಂತ ಎಲ್ಲರಿಗೂ ಹೇಳ್ತೀನಿ.

ಹಂತ 3: ಜಾಗಗಳನ್ನ ಒಂದೊಂದಾಗಿ ತೂಗಿ ನೋಡಿ

*ಬಂಪರ್ ಅಥವಾ ಬುಲ್ ಬಾರ್.* ಒಂದೇ ಜೊತೆ ಲೈಟ್ ಹಾಕೋದಾದ್ರೆ ನಾನು ಇಲ್ಲೇ ಹಾಕ್ತೀನಿ, ಎರಡನೇ ಯೋಚನೆ ಇಲ್ಲ. ಕಣ್ಣಿಂದ ಕೆಳಗೆ, ಬಾನೆಟ್ ಮುಂದೆ, ಹಿಂದಿರುಗೋ ಬೆಳಕು ಕಮ್ಮಿ, ವೈರ್ ಗಿಡ್ಡ, ಒರೆಸೋಕೆ ಕೈಗೆ ಸಿಗತ್ತೆ. ದೂರದ ಡ್ರೈವಿಂಗ್ ಲೈಟ್, ಸ್ಪಾಟ್, ಎರಡಕ್ಕೂ ಸರಿ. ತೊಂದರೆ ಅಂದ್ರೆ ಕಲ್ಲೇಟು, ಕೆಸರು, ನೀರು ಎಲ್ಲಾ ಮೊದ್ಲು ಇಲ್ಲಿಗೇ ಬರೋದು. ನೀರಿಗಿಳಿಯೋ ಅಭ್ಯಾಸ ಇದ್ರೆ ಐಪಿ67 (ಧೂಳು, ನೀರು ಎಷ್ಟು ತಡೆಯತ್ತೆ ಅನ್ನೋ ಗುರುತು) ಅಂತ ಬರೆದಿರೋದನ್ನ ನೋಡಿ ಸಮಾಧಾನ ಪಡ್ಬೇಡಿ, ಆ ಟೆಸ್ಟ್ 1 ಮೀಟರ್ ಆಳದಲ್ಲಿ 30 ನಿಮಿಷ ಸುಮ್ನೆ ಮುಳುಗಿಸಿಡೋದು. ಒಂದು ಗಂಟೆ ಉರಿದು ಕಾದಿರೋ ಲೈಟ್ ತಣ್ಣೀರಿಗೆ ಬಿದ್ರೆ ಒಳಗಿನ ಗಾಳಿ ಕುಗ್ಗಿ ನೀರನ್ನ ಒಳಗೆ ಎಳ್ಕೊಳ್ಳತ್ತೆ. ಹಳ್ಳಕ್ಕಿಳಿಯೋ ಹತ್ತು ನಿಮಿಷ ಮುಂಚೆನೇ ಆಫ್ ಮಾಡಿ ಆರೋಕೆ ಬಿಡಿ.

*ಗ್ರಿಲ್ ಮುಂದೆ ಅಥವಾ ಒಳಗೆ.* ನೋಡೋಕೆ ಅಚ್ಚುಕಟ್ಟು, ಆದ್ರೆ ರೇಡಿಯೇಟರ್‌ಗೆ ಹೋಗೋ ಗಾಳಿಗೆ ಅಡ್ಡ ನಿಲ್ಲತ್ತೆ. ಉದ್ದನೇ ಏರು, ನಿಧಾನ ಸ್ಪೀಡು, ಎಸಿ ಆನ್, ಈ ಮೂರೂ ಸೇರ್ದಾಗ ಎಂಜಿನ್ ಬಿಸಿ ಏರೋಕೆ ಶುರು. ಇಲ್ಲೇ ಹಾಕ್ಬೇಕು ಅಂದ್ರೆ ಚಿಕ್ಕ ಲೈಟ್ ಎರಡನ್ನ ಆಕಡೆ ಈಕಡೆ ಅಂಚಿಗೆ ಹಾಕಿ, ನಡುವಿನ ಗಾಳಿ ದಾರಿ ಬಿಡಿ. ಇನ್ನೊಂದು ವಿಷಯ, ಹೊಸ ಗಾಡಿಗಳಲ್ಲಿ ಗ್ರಿಲ್ ಹಿಂದೆ ಅಥವಾ ಕಂಪನಿ ಲೋಗೋ ಹಿಂದೆ ರೇಡಾರ್ ಕೂತಿರತ್ತೆ, ತಾನೇ ಬ್ರೇಕ್ ಹಾಕೋ ಸಿಸ್ಟಮ್ಮಿನ ಕಣ್ಣು ಅದು. ಅದರ ಮುಂದೆ ಬ್ರಾಕೆಟ್ ಬರ್ಲೇಬಾರ್ದು.

*ಬಾನೆಟ್ ಹಿಂಜ್ ಹತ್ರ, ಗಾಜಿನ ಬುಡದಲ್ಲಿ.* ತಿರುವಿನ ಒಳಮಗ್ಗುಲು, ದಾರಿ ಪಕ್ಕದ ಚರಂಡಿ, ಪೊದೆ ಹಿಂದಿಂದ ಬರೋ ಪ್ರಾಣಿ, ಇದಕ್ಕೆಲ್ಲ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಮುಖವನ್ನ 30ರಿಂದ 45 ಡಿಗ್ರಿ ಹೊರಕ್ಕೆ ತಿರುಗಿಸಿರ್ಬೇಕು. ತುಂಬಾ ಜನ ಇದನ್ನ ನೇರ ಮುಂದಕ್ಕೇ ಬಿಡ್ತಾರೆ, ಆಗ ಬಾನೆಟ್ ಮೇಲೆಲ್ಲ ಬೆಳಕು ಬಿದ್ದು ಕಣ್ಣು ಚುಚ್ಚತ್ತೆ. ಫ್ಲಡ್ ಲೈಟ್ (ಅಗಲಕ್ಕೆ ಚೆಲ್ಲೋ ಲೈಟ್) ಆಗಿದ್ರೆ ಒಳಗಡೆಗೆ ಒಂದು ಮರೆ ಪಟ್ಟಿ ಹಾಕಿ. ಹಿಂಜ್ ಬೋಲ್ಟ್ ಬಿಚ್ಚೋ ಮುಂಚೆ ಸುತ್ತ ಮಾರ್ಕರಿಂದ ಗೆರೆ ಎಳೀರಿ, ಇಲ್ಲಾಂದ್ರೆ ವಾಪಸ್ ಹಾಕ್ದಾಗ ಬಾನೆಟ್ ಓರೆ ಕೂರತ್ತೆ. ಗಾಜಿನ ಪಕ್ಕದ ಕಂಬಕ್ಕೆ ಮಾತ್ರ ಯಾವ ಕಾರಣಕ್ಕೂ ತೂತು ಕೊರೀಬೇಡಿ, ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿ ಮುಚ್ಚೋ ಹಾಗೆ ಉಬ್ಬೋದು) ಇರೋ ಗಾಡೀಲಿ ಅದನ್ನ ಬಾಗಿಲ ಮೇಲಿನ ರೂಫ್ ಅಂಚಲ್ಲಿ ಮಡಚಿ ಇಟ್ಟಿರತ್ತೆ, ಅದರ ಮುಂದಿನ ತುದಿ ಇದೇ ಕಂಬದ ಒಳಗೂ ಇಳಿದಿರಬಹುದು.

*ರೂಫ್.* ಬಯಲು ಪ್ರದೇಶ, ಧೂಳಿಲ್ಲದ ಒಣ ಹವೆ, ಮುಂದೆ ಬೇರೆ ಗಾಡಿ ಇಲ್ಲ, ಆಗ ರೂಫ್ ಲೈಟ್ ನಿಜವಾಗ್ಲೂ ಕೆಲಸ ಮಾಡತ್ತೆ, ದಿಬ್ಬದ ಆಚೆಗಿನ ಇಳಿಜಾರು ಬಂಪರ್ ಲೈಟ್‌ಗೆ ಸಿಗಲ್ಲ, ಇದಕ್ಕೆ ಸಿಗತ್ತೆ. ಕೆಸರು, ಕಲ್ಲು ಮೇಲಕ್ಕೆ ಬರೋದೂ ಕಮ್ಮಿ. ಆದ್ರೆ ಬಾನೆಟ್ ಮೇಲೆ ಹೊಳಪು, ಗಾಜಿನ ಮೇಲಿನ ಧೂಳು ಬೆಳಗಿ ಕಣ್ಣಿಗೆ ಹೊಡೆಯೋದು, ಮರದ ಕೊಂಬೆ, ಗಾಳಿ ಸೀಟಿ, ಉದ್ದ ವೈರ್, ಎಲ್ಲಾ ಇಲ್ಲೇ. ಕಾಡುದಾರೀಲಿ, ಮಂಜು ಬೀಳೋ ಬೆಟ್ಟದಲ್ಲಿ, ಸಾಲಾಗಿ ಗಾಡಿ ಹೋಗೋ ಟ್ರಿಪ್ಪಲ್ಲಿ ಇದು ಆಫ್ ಆಗಿರೋದೇ ಜಾಸ್ತಿ. ಅದಕ್ಕೇ ನಾನು ಇದನ್ನ ಎರಡನೇ ಜೊತೆ ಅಂತೀನಿ, ಬಂಪರ್ ಲೈಟ್ ಆದ್ಮೇಲೆ ಬೇಕಿದ್ರೆ.

*ಫಾಗ್ ಲೈಟ್.* ಆದಷ್ಟು ಕೆಳಗೆ, ಆದಷ್ಟು ಅಗಲಕ್ಕೆ. ಗಾಡಿ ಲೈಟ್‌ಗಳ ಬಗ್ಗೆ ಇರೋ ಅಂತಾರಾಷ್ಟ್ರೀಯ ನಿಯಮ, ಯುಎನ್ ರೆಗ್ಯುಲೇಶನ್ 48 ಪ್ರಕಾರ ಮುಂದಿನ ಫಾಗ್ ಲೈಟ್ ನೆಲದಿಂದ ಕನಿಷ್ಠ 250 ಮಿ.ಮೀ ಮೇಲಿರ್ಬೇಕು, ಡಿಪ್ ಲೈಟ್‌ಗಿಂತ ಎತ್ತರಕ್ಕೆ ಹೋಗಬಾರ್ದು. ಬೆಳಕಿನ ಮೇಲಂಚು ಚಾಕುವಲ್ಲಿ ಕುಯ್ದಂಗೆ ನೇರ ಇರೋ ಲೈಟೇ ಆಗ್ಬೇಕು. ಹಳದಿ ಹಾಳೆ ಅಂಟಿಸಿದ ಸ್ಪಾಟ್ ಲೈಟ್ ಫಾಗ್ ಲೈಟ್ ಆಗಲ್ಲ. ಹಳದಿ ಬೆಳಕು ಧೂಳನ್ನ ತೂರ್ಕೊಂಡು ಹೋಗತ್ತೆ ಅನ್ನೋ ಮಾತಿದೆ, ಹಾಗೇನಿಲ್ಲ, ಧೂಳು ಮಂಜಿನ ಕಣಗಳು ಬಣ್ಣ ನೋಡಿ ಬೆಳಕು ಚದುರಿಸದೇ ಇರೋಷ್ಟು ದಪ್ಪ ಇರ್ತವೆ. ನೀಲಿ ಅಂಶ ಕಮ್ಮಿ ಇರೋದ್ರಿಂದ ಕಣ್ಣಿಗೆ ಚುಚ್ಚೋದು ಕಮ್ಮಿ ಅನ್ಸತ್ತೆ, ರಾತ್ರಿಯೆಲ್ಲ ಓಡಿಸೋರಿಗೆ ಅಷ್ಟಾದ್ರೂ ದೊಡ್ಡದೇ.

*ಹಿಂದೆ ಮತ್ತೆ ಪಕ್ಕದಲ್ಲಿ.* ರಿವರ್ಸ್‌ಗೆ ಅಗಲವಾಗಿ ಚೆಲ್ಲೋ ಚಿಕ್ಕ ಲೈಟ್ ಎರಡು ಸಾಕು, ರ‍್ಯಾಕ್ ಅಂಚಲ್ಲಿ ಅಥವಾ ಹಿಂದಿನ ಬಂಪರ್ ಒಳಗೆ ಹುದುಗಿಸಿ. ಕೆಳಗೆ ನೇತಾಡೋ ಹಾಗೆ ಹಾಕಿದ್ರೆ ಮೊದಲನೇ ಇಳಿಜಾರಲ್ಲೇ ನೆಲಕ್ಕೆ ಬಡಿಯತ್ತೆ.

ಹಂತ 4: ಹಗಲಲ್ಲಿ ದಾರ ಹಿಡಿದು ಅಳೀರಿ

ಬೆಳಕು ನೇರ ಗೆರೇಲಿ ಹೋಗತ್ತೆ, ದಾರಾನೂ ಎಳೆದು ಹಿಡಿದ್ರೆ ನೇರ ಗೆರೆ, ಅಷ್ಟೇ ವಿಷಯ. ರೂಫ್ ಮೇಲೆ ಲೈಟ್ ಬರೋ ಜಾಗದಲ್ಲಿ ಲೈಟ್ ಅಳತೆಗೆ ಕತ್ತರಿಸಿದ ರಟ್ಟು ಅಂಟಿಸಿ. ದಾರದ ಒಂದು ತುದಿನ ಆ ರಟ್ಟಿನ ಮೇಲಂಚಿಗೆ ಅಂಟಿಸಿ, ಯಾಕಂದ್ರೆ ತೀರಾ ಕೆಳಕ್ಕೆ ಬರೋ ಕಿರಣ ಹೊರಡೋದು ಅಲ್ಲಿಂದ. ಇನ್ನೊಂದು ತುದಿ ಹಿಡ್ಕೊಂಡು ರೂಫಿನ ಮುಂದಂಚಿಗೆ ತಾಗಿಸ್ತಾ ಬಿಗಿಯಾಗಿ ಮುಂದಕ್ಕೆ ಎಳೀರಿ. ದಾರ ಬಾನೆಟ್‌ಗೆ ಮುಟ್ಟಿದ್ರೆ ಬೆಳಕೂ ಮುಟ್ಟತ್ತೆ. ರಟ್ಟನ್ನ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸಿ, ಅಥವಾ ಕೆಳಗಿಳಿಸಿ, ದಾರ ಬಾನೆಟ್ ಮುಂದಂಚನ್ನ ದಾಟಿ ಹೋಗೋವರೆಗೂ. ಆ ಜಾಗಕ್ಕೆ ಮಾಸ್ಕಿಂಗ್ ಟೇಪಲ್ಲಿ ಗುರುತು ಹಾಕಿ. ಅಷ್ಟು ಹಿಂದಕ್ಕೆ ಜಾಗಾನೇ ಇಲ್ಲ ಅಂದ್ರೆ ಲೈಟ್ ಕೆಳಗೆ ಒಂದು ಮರೆ ತಗಡು ಬೇಕಾಗತ್ತೆ, ಅದರ ಅಳತೇನೂ ಇದೇ ದಾರ ಹೇಳತ್ತೆ.

ಎರಡನೇ ದಾರ ಮುಂದಿನ ಚಕ್ರಕ್ಕೆ. ಟೈರ್ ನೆಲ ಮುಟ್ಟೋ ಜಾಗದ ಮುಂಭಾಗದಿಂದ ಬಂಪರ್ ಕೆಳಂಚಿಗೆ ಎಳೀರಿ, ಲೈಟಾಗ್ಲಿ ಬ್ರಾಕೆಟ್ಟಾಗ್ಲಿ ಆ ದಾರದಿಂದ ಕೆಳಗೆ ಇಳಿದ್ರೆ ಏರು ಹತ್ತೋ ಕೋನ ಹೋಯ್ತು, ಮೊದ್ಲು ನೆಲಕ್ಕೆ ತಾಗೋದೇ ಲೈಟು.

ಆಮೇಲೆ ಇವನ್ನ ಒಂದೊಂದಾಗಿ ಮಾಡಿ ನೋಡಿ. ರಟ್ಟು ಇದ್ದಂಗೇ ಬಾನೆಟ್ ಪೂರ್ತಿ ಮೇಲೆತ್ತಿ, ಮುಟ್ಟತ್ತಾ? ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯೋ ಹಗ್ಗದ ಮೋಟರ್) ಇದ್ರೆ ಹಗ್ಗ ಎಡಕ್ಕೂ ಬಲಕ್ಕೂ ಓರೆ ಎಳೆದು ನೋಡಿ, ಲೈಟ್‌ಗೆ ಸವರತ್ತಾ? ಪಾರ್ಕಿಂಗ್ ಸೆನ್ಸರ್ ಮುಂದೆ ಏನಾದ್ರೂ ಬಂತಾ? ಗಾಜಿನ ಮೇಲ್ಗಡೆ ಕ್ಯಾಮೆರಾ ಇದ್ರೆ ಅದರ ಕಣ್ಣಿಗೆ ಅಡ್ಡ ಇದ್ಯಾ? ನಂಬರ್ ಪ್ಲೇಟ್ ಮುಚ್ಚಿತಾ? ರೂಫ್ ಮೇಲೆ ಲೈಟ್ ಸೇರಿಸಿ ಗಾಡಿಯ ಹೊಸ ಎತ್ತರ ಎಷ್ಟು, ಅದನ್ನ ಬರೆದು ಸ್ಟೇರಿಂಗ್ ಎದುರಿಗೆ ಅಂಟಿಸಿ. ಇದರ ಜೊತೆ ನಿಮ್ಮ ಕಡೆ ರಸ್ತೆ ನಿಯಮಾನೂ ಓದ್ಕೊಳ್ಳಿ. ಹೈಬೀಮ್ ಜೊತೆ ಉರಿಯೋ ಲೈಟೆಲ್ಲ ಸೇರಿ ಎಷ್ಟಿರಬಹುದು ಅನ್ನೋದಕ್ಕೆ ಯುಎನ್ ನಿಯಮದಲ್ಲಿ 4,30,000 ಕ್ಯಾಂಡೆಲಾ (ಬೆಳಕಿನ ತೀವ್ರತೆ ಅಳೆಯೋ ಮಾನ) ಮಿತಿ ಇದೆ, ರೂಫ್ ಲೈಟ್‌ಗೆ ಡಾಂಬರು ರಸ್ತೇಲಿ ಮುಚ್ಚಳ ಹಾಕ್ಲೇಬೇಕು ಅನ್ನೋ ಕಡೆಗಳೂ ಇವೆ.

ಹಂತ 5: ರಾತ್ರಿ ಕ್ಲಾಂಪ್ ಹಾಕಿ ಟ್ರಯಲ್

ಈ ಹಂತ ಬಿಟ್ಟವರೇ ಆಮೇಲೆ ಎರಡನೇ ಸಲ ತೂತು ಕೊರೆಯೋದು. ಜಿ-ಕ್ಲಾಂಪಲ್ಲಿ, ಮಧ್ಯೆ ಬಟ್ಟೆ ಇಟ್ಟು, ಗುರುತು ಮಾಡಿದ ಜಾಗಕ್ಕೆ ಲೈಟ್ ಕಚ್ಚಿಸಿ. ಟ್ರಯಲ್ ವೈರಲ್ಲಿ ಕನೆಕ್ಟ್ ಮಾಡಿ, ಗಾಡಿ ನಿಲ್ಲಿಸ್ಕೊಂಡೇ ನೋಡಿ, ಕ್ಲಾಂಪಲ್ಲಿ ಓಡಿಸ್ಬೇಡಿ. ಬೀದಿ ದೀಪ ಇರೋ ಕಡೆ ಮಾಡಿದ್ರೆ ಏನೂ ಗೊತ್ತಾಗಲ್ಲ, ಪೂರ್ತಿ ಕತ್ತಲಿರೋ ಮಣ್ಣು ದಾರಿಗೇ ಹೋಗಿ, ನೀವು ಓಡಿಸ್ದಾಗ ಇರೋ ಲೋಡು ಗಾಡೀಲಿರ್ಲಿ.

ಸೀಟಲ್ಲಿ ಕೂತು ಮೊದ್ಲು ಬಾನೆಟ್ ನೋಡಿ. ಹೊಳೀತಿದ್ರೆ ಆ ಕಪ್ಪು ಬಟ್ಟೆ ಬಾನೆಟ್ ಮೇಲೆ ಹಾಸಿ ಮತ್ತೆ ನೋಡಿ. ಬಟ್ಟೆ ಹಾಸಿದ ತಕ್ಷಣ ದೂರದ ದಾರಿ ಇನ್ನೂ ಸ್ಪಷ್ಟ ಆಯ್ತು ಅಂದ್ರೆ ಬಾನೆಟ್‌ನ ಹೊಳಪು ನಿಮ್ಮ ಕಣ್ಣನ್ನ ಕಟ್ಟಿ ಹಾಕ್ತಿತ್ತು ಅಂತ ಅರ್ಥ, ಲೈಟ್ ಹಿಂದೆ ಸರಿಸ್ಬೇಕು ಇಲ್ಲಾಂದ್ರೆ ಬಾನೆಟ್‌ಗೆ ಮ್ಯಾಟ್ ಕಪ್ಪು ಸ್ಟಿಕ್ಕರ್ ಹಾಕ್ಬೇಕು. ಆಮೇಲೆ ಜೊತೆಗಿರೋರು ಗಾಡಿ ಮುಂದೆ ಎರಡು ಮೀಟರ್ ದೂರ ನಿಂತು, ಬಾಟ್ಲಿಯಿಂದ ಸಣ್ಣ ನೀರ ಹನಿ ಗಾಳೀಲಿ ಹೊಡೀಲಿ. ಬಂಪರ್ ಲೈಟಲ್ಲಿ ಒಮ್ಮೆ, ರೂಫ್ ಲೈಟಲ್ಲಿ ಒಮ್ಮೆ. ಮಂಜಲ್ಲಿ ಧೂಳಲ್ಲಿ ನಿಮಗೆ ಏನಾಗತ್ತೆ ಅಂತ ಆ ಹತ್ತು ಸೆಕೆಂಡಲ್ಲೇ ಗೊತ್ತಾಗತ್ತೆ.

ಎಲ್ಲರೂ ಮೋಸ ಹೋಗೋ ಒಂದು ವಿಷಯ ಇದೆ. ಚಕ್ರದ ಮುಂದಿನ ಹತ್ತು ಮೀಟರ್ ಹಗಲಿನಂತೆ ಬೆಳಗಿದ್ರೆ "ಸಖತ್ ಲೈಟು" ಅನ್ಸತ್ತೆ, ಆದ್ರೆ ಹತ್ತಿರದ ಆ ಬೆಳಕಿಗೆ ಕಣ್ಣಿನ ಪಾಪೆ ಚಿಕ್ಕದಾಗಿ ದೂರ ಇನ್ನೂ ಕತ್ತಲಾಗತ್ತೆ. 50, 100 ಮೀಟರ್ ದೂರದಲ್ಲಿ ಒಂದು ಕಂದು ಬಣ್ಣದ ರಟ್ಟಿನ ಡಬ್ಬ ಇಟ್ಟು, ಅದು ಯಾವ ಜಾಗದ ಲೈಟಲ್ಲಿ ಚೆನ್ನಾಗಿ ಕಾಣತ್ತೆ ಅಂತ ನೋಡಿ ತೀರ್ಮಾನ ಮಾಡಿ. ಫೋನ್ ಫೋಟೋ ನೋಡಿ ಮಾತ್ರ ತೀರ್ಮಾನ ಮಾಡ್ಬೇಡಿ, ಫೋನು ತಾನೇ ಬೆಳಕು ಹೆಚ್ಚು ಕಮ್ಮಿ ಮಾಡ್ಕೊಳ್ಳತ್ತೆ.

ಹಂತ 6: ಬ್ರಾಕೆಟ್ ಅಲುಗಾಡ್ದಂಗೆ ಕೂರಿಸಿ

ಬೆಳಕಿನ ದಿಕ್ಕು 1 ಡಿಗ್ರಿ ಅಲುಗಿದ್ರೆ 100 ಮೀಟರ್ ದೂರದಲ್ಲಿ ಅದು ಸುಮಾರು 1.75 ಮೀಟರ್ ಮೇಲೆ ಕೆಳಗೆ ಕುಣಿಯತ್ತೆ. ಜಾಗ ಎಷ್ಟೇ ಚೆನ್ನಾಗಿರ್ಲಿ, ತೆಳು ತಗಡಿನ ಮೇಲೆ ಕೂರಿಸಿದ್ರೆ ಮುಂದಿನ ದಾರಿ ಪೂರ್ತಿ ನಡುಗ್ತಾ ಇರತ್ತೆ, ಒಂದು ಗಂಟೇಲಿ ತಲೆನೋವು ಗ್ಯಾರಂಟಿ. ಲೈಟ್ ತಲೆ ಹಿಡಿದು ಕೈಯಲ್ಲಿ ಅಲ್ಲಾಡಿಸಿ. ಬ್ರಾಕೆಟ್ ಬಗ್ಗಿದ್ರೆ ಲೋಹ ದಪ್ಪ ಸಾಲದು, ಬ್ರಾಕೆಟ್ ಕೂತಿರೋ ತಗಡೇ ಬಗ್ಗಿದ್ರೆ ಜಾಗಾನೇ ತಪ್ಪು, ಹಿಂದಿನಿಂದ ಅಗಲ ಪ್ಲೇಟ್ ಕೊಡ್ಬೇಕು ಅಥವಾ ಚಾಸಿಗೆ ಹೋಗೋ ಗಟ್ಟಿ ಜಾಗ ಹುಡುಕ್ಬೇಕು. ದೊಡ್ಡ ದುಂಡು ಲೈಟ್‌ಗೆ ತಳದ ಒಂದು ಬೋಲ್ಟ್ ಸಾಲಲ್ಲ, ಮೇಲಿಂದ ಒಂದು ಆಸರೆ ಕಡ್ಡಿ ಕೊಡಿ. ಉದ್ದ ಬಾರ್‌ಗೆ ಎರಡೂ ತುದೀಲಿ ಹಿಡಿತ, ತೀರಾ ಉದ್ದ ಇದ್ರೆ ನಡುವೆನೂ ಒಂದು.

ನೈಲಾನ್ ಇರೋ ಲಾಕ್ ನಟ್ ಬಳಸಿ. ಸ್ಟೀಲ್ ಬೋಲ್ಟು ಅಲ್ಯುಮಿನಿಯಂ ಮೈಗೆ ಹೋಗೋ ಕಡೆ ಆಂಟಿ-ಸೀಜ್ ಸವರಿ, ಇಲ್ಲಾಂದ್ರೆ ಎರಡು ಮಳೆಗಾಲ ಆದ್ಮೇಲೆ ಬೋಲ್ಟ್ ಬಿಚ್ಚೋಕೇ ಬರಲ್ಲ. ಅದು ಜಾರಿಸೋ ಪೇಸ್ಟ್, ಸವರಿದ ಮೇಲೆ ಅದೇ ಟಾರ್ಕಲ್ಲಿ ಬೋಲ್ಟ್ ಇನ್ನೂ ಜಾಸ್ತಿ ಬಿಗಿಯತ್ತೆ, ಅತಿಯಾಗಿ ತಿರುಗಿಸಿ ಎಳೆ ಕೀಳ್ಬೇಡಿ. ಬಿಗಿ ಮಾಡಿದ ಮೇಲೆ ನಟ್ ಮತ್ತೆ ಬ್ರಾಕೆಟ್ ಎರಡಕ್ಕೂ ಸೇರಿ ಒಂದು ಗೆರೆ ಪೇಂಟ್ ಎಳೀರಿ, ನೈಲ್ ಪಾಲಿಶ್ ಆದ್ರೂ ಆಯ್ತು, ಸಡಿಲ ಆದ್ರೆ ಗೆರೆ ಮುರಿದಿರೋದು ದೂರದಿಂದಲೇ ಕಾಣತ್ತೆ.

ತೂತು ಕೊರೆಯೋದು ತಪ್ಪೋದಾದ್ರೆ ತಪ್ಪಿಸಿ, ರ‍್ಯಾಕ್ ಕ್ಲಾಂಪ್, ಇರೋ ಬೋಲ್ಟು, ಮಳೆನೀರು ಗಟರ್ ಇರೋ ಗಾಡಿಗೆ ಗಟರ್ ಬ್ರಾಕೆಟ್, ಇವೆಲ್ಲ ಮೊದ್ಲು. ಕೊರೆಯಲೇಬೇಕಾದ್ರೆ ಕೊರೆದ ಅಂಚಿಗೆ ಪ್ರೈಮರ್, ಪೇಂಟ್, ರಬ್ಬರ್ ವಾಷರ್, ಸೀಲೆಂಟ್, ಇದೇ ಕ್ರಮದಲ್ಲಿ. ಬರೀ ಸೀಲೆಂಟ್ ಮೆತ್ತಿದ್ರೆ ನೀರು ನಿಲ್ಲತ್ತೆ, ಆದ್ರೆ ಒಳಗಿಂದ ತುಕ್ಕು ಹಿಡಿದು ತೂತು ದೊಡ್ಡದಾಗತ್ತೆ.

ಹಂತ 7: ವೈರ್ ದಾರಿ, ಫ್ಯೂಸ್, ಸ್ವಿಚ್

ಜಾಗ ಆರಿಸೋದ್ರಲ್ಲಿ ವೈರ್ ಕೂಡ ಸೇರತ್ತೆ. 120 ವ್ಯಾಟ್ ಲೈಟ್ 12 ವೋಲ್ಟಲ್ಲಿ 10 ಆಂಪ್ ಎಳೆಯತ್ತೆ. 2.5 ಚದರ ಮಿ.ಮೀ ತಾಮ್ರದ ವೈರಲ್ಲಿ ಹೋಗೋದು ಬರೋದು ಸೇರಿ 10 ಮೀಟರ್ ಆದ್ರೆ 0.7 ವೋಲ್ಟ್ ದಾರೀಲೇ ಖರ್ಚು, 4 ಚದರ ಮಿ.ಮೀ ಹಾಕಿದ್ರೆ 0.44ಕ್ಕೆ ಇಳಿಯತ್ತೆ. ಬಂಪರ್‌ಗೆ ತೆಳು ವೈರ್ ನಡೆಯತ್ತೆ, ರೂಫ್‌ಗೆ ನಡೆಯಲ್ಲ.

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರ್ಬೇಕು, ಲೈಟ್ ಹತ್ರ ಹಾಕಿದ್ರೆ ಮಧ್ಯದ ವೈರ್ ಉಜ್ಜಿ ಚಾಸಿಗೆ ತಾಗಿದಾಗ ಕಾಪಾಡೋರು ಯಾರೂ ಇಲ್ಲ. ಬ್ಯಾಟರಿ ನೆಗೆಟಿವ್ ಮೇಲೆ ಸೆನ್ಸರ್ ಇರೋ ಗಾಡೀಲಿ ಅರ್ತ್ ವೈರನ್ನ ಸೀದಾ ಟರ್ಮಿನಲ್‌ಗೆ ಹಾಕ್ದೆ ಸೆನ್ಸರ್ ದಾಟಿದ ಚಾಸಿ ಪಾಯಿಂಟ್‌ಗೆ ಕೊಡಿ. ತಗಡು ದಾಟೋ ಕಡೆಯೆಲ್ಲ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರೋ ರಿಂಗ್), ಸೈಲೆನ್ಸರ್ ಪೈಪ್ ಮತ್ತೆ ಸ್ಟೇರಿಂಗ್ ಶಾಫ್ಟಿಂದ ದೂರ.

ಸ್ವಿಚ್ ವಿಷಯಕ್ಕೆ ಜೀವದ ಲೆಕ್ಕ ಇದೆ. ಬಂಪರ್ ಡ್ರೈವಿಂಗ್ ಲೈಟನ್ನ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡೋ ಸ್ವಿಚ್ಚು) ಮೂಲಕ ಹೈಬೀಮ್‌ಗೆ ಜೋಡಿಸಿ, ಎದುರಿಗೆ ಗಾಡಿ ಬಂದು ನೀವು ಡಿಪ್ ಮಾಡಿದ ತಕ್ಷಣ ಅದೂ ಆರ್ಬೇಕು. ರೂಫ್ ಲೈಟಿಗೆ ಬೇರೇನೇ ಸ್ವಿಚ್, ನೋಡ್ದೆ ಕೈಗೆ ಸಿಗೋ ಜಾಗದಲ್ಲಿ, ಧೂಳೆದ್ದಾಗ ಅದೊಂದನ್ನೇ ಆರಿಸೋ ಹಾಗೆ. ಎಲ್ಲಾ ಲೈಟನ್ನೂ ಒಂದೇ ಸ್ವಿಚ್‌ಗೆ ಕಟ್ಟಿರೋ ಗಾಡಿ ನೋಡಿದ್ರೆ ನನಗೆ ನಿಜಕ್ಕೂ ಹೆದ್ರಿಕೆ ಆಗತ್ತೆ.

ಹಂತ 8: ಗೋಡೆ ಮುಂದೆ ನಿಲ್ಲಿಸಿ ಗುರಿ ಹೊಂದಿಸಿ

ಮಟ್ಟಸ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಟೈರ್ ಗಾಳಿ ಸರಿ ಇರ್ಲಿ, ಲೋಡ್ ಇರ್ಲಿ, ಹಿಂದೆ ಭಾರ ಹಾಕಿದ್ರೆ ಮೂತಿ ಎದ್ದು ಲೈಟೆಲ್ಲ ಆಕಾಶ ನೋಡತ್ತೆ. ಗೋಡೆ ಮೇಲೆ ಲೈಟಿನ ಎತ್ತರಕ್ಕೇ ಟೇಪ್ ಅಂಟಿಸಿ. 80 ಸೆಂ.ಮೀ ಎತ್ತರದ ಬಂಪರ್ ಲೈಟ್‌ನ ನಡು ಬೆಳಕು ಟೇಪಿಂದ 5 ಸೆಂ.ಮೀ ಕೆಳಗಿದ್ರೆ ಅದು 160 ಮೀಟರಲ್ಲಿ ನೆಲ ಮುಟ್ಟತ್ತೆ. 2 ಮೀಟರ್ ಎತ್ತರದ ರೂಫ್ ಲೈಟ್ 100 ಮೀಟರಲ್ಲಿ ನೆಲ ಮುಟ್ಟಬೇಕು ಅಂದ್ರೆ 20 ಸೆಂ.ಮೀ ಕೆಳಗಿರ್ಬೇಕು. ಒಂದೊಂದೇ ಲೈಟ್ ಉರಿಸಿ, ಉಳಿದದ್ದಕ್ಕೆ ಬಟ್ಟೆ ಮುಚ್ಚಿ ಮಾಡಿ. ಪಕ್ಕದ ಲೈಟುಗಳನ್ನ ಗೋಡೆ ಮೇಲೆ ಹೊಂದಿಸೋಕಾಗಲ್ಲ, ದಾರೀಲೇ ನೋಡಿ, ಅವುಗಳ ಒಳ ಅಂಚು ಬಂಪರ್ ಲೈಟ್ ಮುಗಿಯೋ ಕಡೆ ಸೇರ್ಬೇಕು, ಮಧ್ಯೆ ಕಪ್ಪು ಪಟ್ಟಿ ಉಳೀಬಾರ್ದು.

ಈ ಗುರುತು ಕಂಡ್ರೆ ನಿಲ್ಲಿಸಿ ನೋಡಿ

ಮೊದಲನೇ 100 ಕಿ.ಮೀ ಕೆಟ್ಟ ದಾರಿ ಆದ್ಮೇಲೆ ಎಲ್ಲಾ ಬೋಲ್ಟೂ ಒಂದ್ಸಲ ಟಾರ್ಕ್ ಚೆಕ್ ಮಾಡಿ. ಅಲ್ಯುಮಿನಿಯಂ ಬ್ರಾಕೆಟ್‌ನ ವಾಷರ್ ಸುತ್ತ ಬೂದುಗಪ್ಪು ಪುಡಿ ಕೂತಿದ್ರೆ, ಅಥವಾ ಧೂಳಿನ ಮಧ್ಯೆ ವಾಷರ್ ಅಂಚು ಮಾತ್ರ ಉಜ್ಜಿದಂಗೆ ಹೊಳೀತಿದ್ರೆ, ಆ ಜಾಯಿಂಟ್ ಒಳಗೊಳಗೇ ಆಡ್ತಿದೆ. ಬಿಗಿ ಮಾಡಿದ್ರೂ ಮತ್ತೆ ಬಂದ್ರೆ ಬ್ರಾಕೆಟ್ ಮಡಚಿದ ಮೂಲೇಲಿ ಉಗುರು ಎಳೆದು ನೋಡಿ, ಬಿರುಕು ಅಲ್ಲಿಂದಾನೇ ಶುರುವಾಗೋದು.

ಏರಲ್ಲಿ ಟೆಂಪರೇಚರ್ ಮುಳ್ಳು ಮುಂಚಿಗಿಂತ ಮೇಲೆ ನಿಂತ್ರೆ, ಎಸಿ ತಂಪು ಕಮ್ಮಿ ಆದ್ರೆ, ಗ್ರಿಲ್ ಮುಂದಿನ ಲೈಟ್ ಬಿಚ್ಚಿ ಅದೇ ಏರು ಇನ್ನೊಂದ್ಸಲ ಹತ್ತಿ. ವ್ಯತ್ಯಾಸ ಬಂದ್ರೆ ಆ ಜಾಗ ಬಿಡಿ.

ಲೈಟ್ ಗ್ಲಾಸ್ ಒಳಗೆ ತೆಳು ಹಬೆ ಬಂದು ಉರಿಸಿದ ಸ್ವಲ್ಪ ಹೊತ್ತಲ್ಲಿ ಹೋದ್ರೆ ಚಿಂತೆ ಇಲ್ಲ, ಹನಿಯಾಗಿ ಕೆಳಗೆ ನಿಂತಿದ್ರೆ ಸೀಲ್ ಹೋಗಿದೆ. ಹಿಮ ಬೀಳೋ ಕಡೆ ಎಲ್‌ಇಡಿ ಗ್ಲಾಸ್ ಬಿಸಿ ಆಗದೇ ಇರೋದ್ರಿಂದ ಹಿಮ ಕರಗದೇ ಅಲ್ಲೇ ಮೆತ್ಕೊಳ್ಳತ್ತೆ, ಕೈಗೆ ಎಟುಕದ ಜಾಗದಲ್ಲಿ ಲೈಟ್ ಇದ್ರೆ ಪ್ರತಿ ಸಲ ಗಾಡಿ ಹತ್ತಿ ಒರೆಸ್ಬೇಕು.

ರೂಫ್ ಬಾರಿಂದ ಒಂದು ಸ್ಪೀಡಲ್ಲಿ ಸೀಟಿ ಬಂದ್ರೆ ಹಿಂದಿನ ತಂಪಾಗಿಸೋ ರೆಕ್ಕೆಗಳಿಗೆ ಅಲ್ಲಲ್ಲಿ ಕೇಬಲ್ ಟೈ ಬಿಗಿದು ಓಡಿಸಿ ನೋಡಿ, ಬಹಳ ಸಲ ಅಷ್ಟಕ್ಕೇ ನಿಲ್ಲತ್ತೆ. ಲೈಟ್ ಹಾಕ್ದಾಗ ಮಾತ್ರ ವಯರ್‌ಲೆಸ್ ಸೆಟ್ಟಲ್ಲೋ ರೇಡಿಯೋಲೋ ಸುಯ್ ಅಂತ ಸದ್ದು ಬಂದ್ರೆ ಎಲ್‌ಇಡಿ ಒಳಗಿನ ಸರ್ಕ್ಯೂಟ್ ಆಂಟೆನಾಗೆ ತೊಂದರೆ ಕೊಡ್ತಿದೆ. ಲೈಟ್ ಮತ್ತೆ ಅದರ ವೈರನ್ನ ಆಂಟೆನಾ ವೈರಿಂದ ದೂರ ಸರಿಸಿ, ಎರಡೂ ಒಂದೇ ಪೈಪಲ್ಲಿ ಹೋಗ್ತಿದ್ರೆ ಮೊದ್ಲು ಅದನ್ನೇ ಬೇರೆ ಮಾಡಿ.